ನೂರು ವ್ಯಾಟಿನ ಮಂಗಳವಾರ

ಅಮೆರಿಕದ ಸಿಯಾಟಲ್‌ಗೆ ಬಂದ ಮೊದಲ ಚಳಿಗಾಲ, ಹಗಲು ಹೊತ್ತು ನಮ್ಮ ಮನೆಯಲ್ಲಿ ಮನುಷ್ಯರ ದನಿ ಅಂತ ಕೇಳುತ್ತಿದ್ದದ್ದು ರೇಡಿಯೋದ್ದು ಮಾತ್ರ. 2018ರ ಡಿಸೆಂಬರ್. ನಮ್ಮ ಯಜಮಾನರು ಬೆಳಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ವಾಪಸ್ ಬರುವುದು ಕತ್ತಲಾದ ಮೇಲೆ. ಅಲ್ಲಿ ಆ ತಿಂಗಳಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ನನ್ನದು ಕೆಲಸಕ್ಕೆ ಬಂದವರ ಹೆಂಡತಿಗೆ ಸಿಗುವ ಎಚ್-4 ವೀಸಾ, ಸಂಬಳದ ಕೆಲಸ ಮಾಡುವಂತಿರಲಿಲ್ಲ. ಶಿವಮೊಗ್ಗದಲ್ಲಿ ಎಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ ಬಂದವಳು ನಾನು. ದಿನಕ್ಕೆ ಆರು ಪೀರಿಯಡ್ ಮಾತಾಡಿ ರೂಢಿಯಾಗಿದ್ದ ಗಂಟಲು ಸುಮ್ಮನೆ ಕೂತಿತ್ತು.

ಅಡುಗೆಮನೆಯ ಕಿಟಕಿಕಟ್ಟೆ ಮೇಲೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಪುಟ್ಟ ರೇಡಿಯೋ ಇತ್ತು. ಮುಳ್ಳು 90.3ರ ಮೇಲೆ ನಿಂತಿತ್ತು, ನಾನು ಕದಲಿಸಲಿಲ್ಲ. ಅದು ಕೆಇಎಕ್ಸ್‌ಪಿ ಎಂಬ ನಿಲಯ. ಬಹುಮಾನದ ಗದ್ದಲವಿಲ್ಲ, ನಡುನಡುವೆ ಕಿರುಚುವ ಜಾಹೀರಾತಿಲ್ಲ. ಮೂರು ನಾಲ್ಕು ಹಾಡು ಬರುತ್ತವೆ, ಆಮೇಲೆ ಒಬ್ಬರು ಅವಸರವಿಲ್ಲದೆ ಹಾಡಿದವರು ಯಾರು, ಯಾವ ಊರಿನವರು ಎಂದು ಹೇಳುತ್ತಾರೆ. ಒಂದು ಬೆಳಗ್ಗೆ ಪಾತ್ರೆ ತಿಕ್ಕುತ್ತಿದ್ದೆ. ಕೇಳುಗರೊಬ್ಬರ ತಾಯಿ ತೀರಿಕೊಂಡಿದ್ದಾರೆ, ಮುಂದಿನ ಹಾಡು ಆ ಮನೆಯವರಿಗೆ ಎಂದರು. ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದೆ.

ನನಗೆ ನೆನಪಾದದ್ದು ಅಪ್ಪ. ಭದ್ರಾವತಿ ಆಕಾಶವಾಣಿಗೆ ಅಪ್ಪ 15 ಪೈಸೆಯ ಕಾರ್ಡಿನಲ್ಲಿ ಕೋರಿಕೆ ಬರೆಯುತ್ತಿದ್ದರು. ಹಾಡಿನ ಹೆಸರು ಒಂದೇ ಸಾಲು, ಉಳಿದ ಜಾಗವೆಲ್ಲ ಮನೆಯವರ ಹೆಸರು. ಅಜ್ಜಿಯಿಂದ ಹಿಡಿದು ಆಗಷ್ಟೇ ಹುಟ್ಟಿದ್ದ ತಮ್ಮನವರೆಗೆ. ರೇಡಿಯೋದಲ್ಲಿ ಆ ಹೆಸರುಗಳನ್ನು ಓದಿದ ಸಂಜೆ ಬೀದಿಯ ಮೂರು ಮನೆಯವರು ಬಂದು ನಿಮ್ಮ ಹೆಸರು ಬಂತು ಎಂದು ಹೇಳಿಹೋಗಿದ್ದರು. ಹಾಡು ಯಾವುದಿತ್ತೋ ಈಗ ನೆನಪಿಲ್ಲ.

ಮಾರ್ಚ್ ಹೊತ್ತಿಗೆ ಗ್ರಂಥಾಲಯದ ನೋಟೀಸು ಬೋರ್ಡಿನಲ್ಲಿ ಒಂದು ಕಾಗದ ಕಂಡಿತು. ನಮ್ಮ ಬಡಾವಣೆಯ ನೂರು ವ್ಯಾಟಿನ ಎಫ್‌ಎಂ ನಿಲಯಕ್ಕೆ ಸ್ವಯಂಸೇವಕರು ಬೇಕು, ಅನುಭವ ಬೇಕಿಲ್ಲ, ಸಂಬಳವಿಲ್ಲ. ಸಂಬಳವಿಲ್ಲ ಅನ್ನುವ ಮಾತನ್ನು ಓದಿ ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ನಿಲಯ ಇದ್ದದ್ದು ಹಳೆಯ ಅಂಗಡಿ ಸಾಲಿನ ಹಿಂಭಾಗದ ಎರಡು ಕೋಣೆಗಳಲ್ಲಿ. ಒಂದರಲ್ಲಿ ಸ್ಟುಡಿಯೋ, ಇನ್ನೊಂದರಲ್ಲಿ ಗೋಡೆಯಿಂದ ಗೋಡೆಗೆ ರೆಕಾರ್ಡು, ಸಿಡಿ, ಕ್ಯಾಸೆಟ್ಟು. ತರಬೇತಿ ಕೊಟ್ಟವರು ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಅಷ್ಟು ದೊಡ್ಡವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಆರು ವಾರ ಅವರನ್ನು ಏನೂ ಕರೆಯದೆಯೇ ಕಲಿತೆ. ಇಲ್ಲಿ ಗುರುಗಳು ಅನ್ನುತ್ತೇನೆ, ಅವರು ನನಗೆ ಅದೇ.

ಮೊದಲ ದಿನ ಅವರು ಮೈಕು ಮುಟ್ಟಿಸಲಿಲ್ಲ. ಕತೆ ಹೇಳಿದರು. ಈ ಊರಿನಲ್ಲಿ ಯಾರು ರೇಡಿಯೋ ಕಲಿತರೂ ಮೊದಲು ಕೇಳುವ ಕತೆ ಅದು, ನಾನು ಅಡುಗೆಮನೆಯಲ್ಲಿ ಕೇಳುತ್ತಿದ್ದ ನಿಲಯದ್ದೇ. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೇರಿ ಕೆಸಿಎಂಯು ಅಂತ ಶುರುಮಾಡಿದರು. ಆಗ ಅದರ ಬಲ ಬರೀ 10 ವ್ಯಾಟ್. 1981ರ ಸುಮಾರಿಗೆ ವಿಶ್ವವಿದ್ಯಾಲಯದ ದುಡ್ಡು ಕಡಿಮೆಯಾದಾಗ ನಿಲಯ ನೇರ ಕೇಳುಗರ ಮುಂದೆ ಕೈಚಾಚಿತು. ನೀವು ಕೊಟ್ಟರೆ ಇರುತ್ತೇವೆ ಅಂದಿತು, ಕೇಳುಗರು ಕೊಟ್ಟರು. ದುಡ್ಡು ಕೊಡುವವನು ಕಂಪನಿಯವನಲ್ಲ, ಕೇಳುಗ. ಹಾಗಾಗಿ ಬೇರೆಲ್ಲೂ ಹಾಕದ ಹಾಡುಗಳನ್ನು ಹಾಕುವ ಧೈರ್ಯ ಅಲ್ಲಿಂದ ಬಂತು ಅನ್ನುವುದು ಗುರುಗಳ ಲೆಕ್ಕ. ನನಗೂ ಅದು ಸರಿ ಅನಿಸುತ್ತದೆ.

ಆ ನಿಲಯದಲ್ಲಿ ಪಾಳಿ ಮಾಡಿದವರ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ಬ್ರೂಸ್ ಪಾವಿಟ್, ಜೊನಾಥನ್ ಪೋನ್‌ಮನ್ ಇಬ್ಬರೂ ಅಲ್ಲಿ ಕಾರ್ಯಕ್ರಮ ಕೊಡುತ್ತಿದ್ದವರು. ಮುಂದೆ ಅವರೇ ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿ ಕಟ್ಟಿ ಸಿಯಾಟಲ್‌ನ ಗ್ರಂಜ್ ಎಂಬ ರಾಕ್ ಸಂಗೀತವನ್ನು ಲೋಕಕ್ಕೆಲ್ಲ ಮುಟ್ಟಿಸಿದರು. ಮಡ್‌ಹನಿ ತಂಡದ ಮಾರ್ಕ್ ಆರ್ಮ್ ಇದ್ದರು. ಸೌಂಡ್‌ಗಾರ್ಡನ್ ತಂಡದ ಗಿಟಾರ್ ವಾದಕ ಕಿಮ್ ಥಾಯಿಲ್ ಇದ್ದರು. ಥಾಯಿಲ್ ಅವರ ಅಪ್ಪ ಅಮ್ಮ ಕೇರಳದವರು ಎಂದು ಗುರುಗಳು ಹೇಳಿದಾಗ, ಮಲಯಾಳಿಗಳು ನಮ್ಮ ಪಕ್ಕದವರೇ ಅಂದೆ. ಹಾಗಾದರೆ ಆ ಊರಿನವರು ಇಲ್ಲಿ ಮೈಕಿನ ಮುಂದೆ ಕೂರುವುದು ಹೊಸದೇನಲ್ಲ ಅಂದರು. ನನ್ನ ಅಂಜಿಕೆ ಅವರಿಗೆ ಗೊತ್ತಾಗಿತ್ತು.

ಇನ್ನೊಂದು ಕತೆ ಸಿಯಾಟಲ್‌ನವರ ಬಾಯಲ್ಲಿ ಈಗಲೂ ಓಡಾಡುತ್ತದೆ. 1988ರಲ್ಲಿ ನಿರ್ವಾಣ ಎಂಬ ರಾಕ್ ತಂಡದ ಹಾಡುಗಾರ ಕರ್ಟ್ ಕೊಬೇನ್ ತಮ್ಮ ಮೊಟ್ಟಮೊದಲ ರೆಕಾರ್ಡನ್ನು ತಾವೇ ತಂದು ಕೆಸಿಎಂಯುಗೆ ಕೊಟ್ಟು ಕಾರು ಹತ್ತಿ ಊರಿಗೆ ಹೊರಟರಂತೆ. ದಾರಿಯುದ್ದಕ್ಕೂ ರೇಡಿಯೋ ಹಚ್ಚಿಕೊಂಡಿದ್ದಾರೆ, ಹಾಡು ಬರಲಿಲ್ಲ. ಕಡೆಗೆ ಕಾರು ನಿಲ್ಲಿಸಿ ರಸ್ತೆಬದಿಯ ಕಾಯಿನ್ ಫೋನಿನಿಂದ ತಾವೇ ಕೋರಿಕೆ ಕೊಟ್ಟು, ಕಾರಿನಲ್ಲಿ ಕೂತು ಕಾದು ಕೇಳಿದರಂತೆ. ಅಪ್ಪ ಕಾರ್ಡು ಡಬ್ಬಿಗೆ ಹಾಕಿ ಬಂದು ಪ್ರತಿ ಸಂಜೆ ಟ್ರಾನ್ಸಿಸ್ಟರ್ ಪಕ್ಕ ಕೂರುತ್ತಿದ್ದದ್ದೂ ಹೀಗೆಯೇ. ಈ ಕತೆ ನಾನು ನಂಬುವುದು ಅದಕ್ಕೇ.

ಎಲ್ಲವೂ ಸುಗಮವಾಗಿರಲಿಲ್ಲ ಎಂದೂ ಹೇಳಿದರು. 1990ರ ದಶಕದ ಮೊದಲಲ್ಲಿ ಹೊರಗಿನಿಂದ ಸಿದ್ಧ ಕಾರ್ಯಕ್ರಮ ತರಿಸಿ ಹಾಕಲು ಹೊರಟಾಗ ಸ್ವಯಂಸೇವಕರೂ ಕೇಳುಗರೂ ತಿರುಗಿಬಿದ್ದರು, ಜಗಳ ಕೋರ್ಟಿನವರೆಗೆ ಹೋಯಿತು. 2001ರಲ್ಲಿ, ಮೈಕ್ರೋಸಾಫ್ಟ್ ಕಟ್ಟಿದವರಲ್ಲಿ ಒಬ್ಬರಾದ ಪಾಲ್ ಅಲೆನ್ ಕಟ್ಟಿಸಿದ ಸಂಗೀತ ವಸ್ತುಸಂಗ್ರಹಾಲಯದ ಜೊತೆ ಸೇರಿಕೊಂಡು ಕೆಸಿಎಂಯು ಹೋಗಿ ಕೆಇಎಕ್ಸ್‌ಪಿ ಆಯಿತು. 2016ರಲ್ಲಿ ಸಿಯಾಟಲ್ ಸೆಂಟರ್‌ನ ಹೊಸ ಮನೆ ಜನರಿಗೆ ತೆರೆಯಿತು. ನಾನು ಹೋಗಿ ನೋಡಿದ್ದೇನೆ. ಯಾರು ಬೇಕಾದರೂ ಒಳಗೆ ಹೋಗಿ ಕಾಫಿ ಕುಡಿಯುತ್ತಾ ಗಾಜಿನಾಚೆ ಕೂತು ಹಾಡು ಹಾಕುವ ಡಿಜೆಯನ್ನು ನೋಡಬಹುದು. ಹಗಲೆಲ್ಲ ಬಗೆಬಗೆಯ ಸಂಗೀತ ಬೆರೆಸಿ ಹಾಕುತ್ತಾರೆ. ಆಗ ಶನಿವಾರ ಬೆಳಗ್ಗೆ ಜಮೈಕಾದ ರೆಗೆ ಸಂಗೀತ, ಶನಿವಾರ ಸಂಜೆ ಈ ಸೀಮೆಯ ತಂಡಗಳಿಗೇ ಮೀಸಲಾದ ಆಡಿಯೋಯೇಸಿಸ್ ಬರುತ್ತಿತ್ತು. ಪೋನ್‌ಮನ್ ಒಂದು ಕಾಲಕ್ಕೆ ನಡೆಸುತ್ತಿದ್ದ ಕಾರ್ಯಕ್ರಮ ಅದು, ನಾನು ಕೇಳುವಾಗಲೂ ನಡೆಯುತ್ತಿತ್ತು.

ಗುರುಗಳು ಕೊನೆಗೆ ತೋರಿಸಿದ್ದು ಒಂದು ಹಳೆಯ ರೆಕಾರ್ಡಿನ ರಟ್ಟು. ಕೆಸಿಎಂಯು ಕಾಲದಲ್ಲಿ ಹೊಸ ರೆಕಾರ್ಡು ಬಂದರೆ ಡಿಜೆಗಳು ಕೇಳಿ, ರಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಅಭಿಪ್ರಾಯ ಬರೆಯುತ್ತಿದ್ದರು. ಅದರ ಕೆಳಗೆ ಇನ್ನೊಬ್ಬರು ಒಪ್ಪಿಯೋ ಒಪ್ಪದೆಯೋ ಬರೆಯುತ್ತಿದ್ದರು. ನಮ್ಮ ಪುಟ್ಟ ನಿಲಯದವರೂ ಅದನ್ನೇ ಪಾಲಿಸುತ್ತಾರೆ. ಕೆಲವು ರಟ್ಟುಗಳ ಮೇಲೆ ನಾಲ್ಕು ಕೈಬರಹ, ನಾಲ್ಕು ಶಾಯಿ. ಯಾವ ಹಾಡಾದ ಮೇಲೆ ಇದನ್ನು ಹಾಕಿದರೆ ಚೆನ್ನ, ಎಷ್ಟನೇ ನಿಮಿಷದಲ್ಲಿ ಗಿಟಾರು ಕೆಡುತ್ತದೆ, ಎಲ್ಲಿ ಬೈಗುಳ ಇದೆ, ಎಲ್ಲ ಅಲ್ಲೇ.

ನೂರು ವ್ಯಾಟಿನ ಲೆಕ್ಕ ತಿಳಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ ಈ ಸಣ್ಣ ನಿಲಯಗಳಿಗೆ 2000ರಲ್ಲಿ ಬಾಗಿಲು ತೆರೆಯಿತು. ದೊಡ್ಡ ನಿಲಯಗಳ ತರಂಗಕ್ಕೆ ತೊಡಕಾಗುತ್ತದೆ ಎಂಬ ವಾದ ಎದ್ದು ಅದೇ ವರ್ಷ ಸಂಸತ್ತು ಆ ಬಾಗಿಲನ್ನು ಅರ್ಧ ಮುಚ್ಚಿತು. ದೊಡ್ಡ ನಗರಗಳಲ್ಲಿ ಜಾಗವೇ ಸಿಗದಂತಾಯಿತು. 2011ರ ಜನವರಿಯಲ್ಲಿ ಒಬಾಮ ಸಹಿ ಹಾಕಿದ ಸ್ಥಳೀಯ ಸಮುದಾಯ ರೇಡಿಯೋ ಕಾಯ್ದೆ ಅಡ್ಡಿ ತೆಗೆಯಿತು, 2013ರ ಕೊನೆಯಲ್ಲಿ ಅರ್ಜಿ ಕರೆದರು. ಲಾಭಕ್ಕಲ್ಲದ ಸಂಘಸಂಸ್ಥೆಗಳಿಗೆ ಮಾತ್ರ, ಹೆಚ್ಚೆಂದರೆ ನೂರು ವ್ಯಾಟ್, ನಿಲಯದ ಸುತ್ತ ಐದಾರು ಕಿಲೋಮೀಟರು ದೂರ. ನಮ್ಮಲ್ಲಿ 2006ರಲ್ಲಿ ಬಂದ ಸಮುದಾಯ ರೇಡಿಯೋ ನೀತಿಯೂ ಸಾಮಾನ್ಯವಾಗಿ ನೂರು ವ್ಯಾಟಿಗೇ ನಿಂತಿದೆ ಎಂದು ಗೊತ್ತಾದಾಗ ಎರಡು ದೇಶದವರು ಮಾತಾಡಿಕೊಂಡು ಮಾಡಿದಂತಿದೆ ಅನಿಸಿತು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಶುರುಮಾಡಿದ ಆಕಾಶವಾಣಿಗೆ ಇದ್ದದ್ದು 30 ವ್ಯಾಟ್. ಇದನ್ನು ಗುರುಗಳಿಗೆ ಹೇಳಿದೆ. ಕೆಸಿಎಂಯುವಿನ 10ಕ್ಕಿಂತ ಮೂರು ಪಟ್ಟು, ಅದೂ 37 ವರ್ಷ ಮುಂಚೆ ಎಂದು ಅವರು ಬೆರಳೆಣಿಸಿ, ಆ ಹೆಸರನ್ನು ಮೂರು ಸಲ ನನ್ನಿಂದ ಹೇಳಿಸಿಕೊಂಡು ಬರೆದಿಟ್ಟುಕೊಂಡರು.

ಐದಾರು ಕಿಲೋಮೀಟರು ಅನ್ನುವುದು ಬಯಲಿನ ಲೆಕ್ಕ. ಸಿಯಾಟಲ್ ಗುಡ್ಡಗಳ ಊರು. ಒಂದು ದಿನ ಪುಟ್ಟ ರೇಡಿಯೋ ಕಿವಿಗಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಏರು ಹತ್ತುವವರೆಗೆ ದನಿ ಕನ್ನಡಿಯಂತೆ ಸ್ಪಷ್ಟ. ನೆತ್ತಿ ದಾಟಿ ಬಸ್ಸು ಆಚೆ ಇಳಿಯತೊಡಗಿದ್ದೇ ಒಗ್ಗರಣೆಯ ಸದ್ದಿನಂತೆ ಚಟಪಟ, ಮತ್ತೆ ಎರಡು ಸ್ಟಾಪಿಗೆ ಏನೂ ಇಲ್ಲ. ನಮ್ಮ ಕೇಳುಗರು ಯಾರು ಅಂದರೆ ಗುಡ್ಡದ ಈ ಕಡೆ ಇರುವವರು. ಆಮೇಲೆ ಮೈಕಿನ ಮುಂದೆ ಕೂತಾಗಲೆಲ್ಲ ನನಗೆ ಆ ಇಳಿಜಾರು ಕಣ್ಣಮುಂದೆ ಬರುತ್ತಿತ್ತು.

ನಿಯಮಗಳ ಪಾಠ ಎರಡು ವಾರ. ಪ್ರತಿ ಗಂಟೆಯ ತುದಿಗೆ ನಿಲಯದ ಗುರುತಿನ ಅಕ್ಷರಗಳನ್ನೂ ಅದರ ಬೆನ್ನಿಗೇ ಊರಿನ ಹೆಸರನ್ನೂ ಹೇಳಲೇಬೇಕು, ನಡುವೆ ತರಂಗಾಂಕ, ಸಂಸ್ಥೆಯ ಹೆಸರಿನಂಥದ್ದು ಬಿಟ್ಟು ಬೇರೆ ಮಾತು ತೂರಿಸುವಂತಿಲ್ಲ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಶ್ಲೀಲ ಮಾತಿರುವ ಹಾಡು ಕೂಡದು. ಜಾಹೀರಾತು ಇಲ್ಲವೇ ಇಲ್ಲ. ನೆರವು ಕೊಟ್ಟ ಅಂಗಡಿಯ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಬಹುದು, ಅಷ್ಟೇ. ಪಕ್ಕದ ಬೇಕರಿಯವರು ಸ್ವಲ್ಪ ದುಡ್ಡು ಕೊಟ್ಟಿದ್ದರು, ಅವರ ಬಗ್ಗೆ ನಾಲ್ಕು ಸಾಲು ಬರೆಯುವುದು ನನ್ನ ಮೊದಲ ಹೋಂವರ್ಕು. ಊರಿನಲ್ಲೇ ಒಳ್ಳೆಯ ಬ್ರೆಡ್ಡು ಎಂದು ಬರೆದಿದ್ದೆ. ಗುರುಗಳು ಊರಿನಲ್ಲೇ ಒಳ್ಳೆಯ ಅನ್ನುವುದನ್ನು ಹೊಡೆದರು, ಹೋಲಿಸಿ ಹೊಗಳುವಂತಿಲ್ಲ. ಇಂದೇ ಬನ್ನಿ, ಹೊಡೆದರು. ಬೆಲೆ, ಅದನ್ನೂ ಹೊಡೆದರು. ಉಳಿದದ್ದು ಬೇಕರಿ, ಬೀದಿ, ಬ್ರೆಡ್ಡು. ಕೆಂಪು ಗೀಟೆಲ್ಲ ನೋಡಿ ನನಗೆ ನನ್ನ ವಿದ್ಯಾರ್ಥಿಗಳ ಪ್ರಬಂಧದ ಹಾಳೆಗಳು ನೆನಪಾದವು. ಆದರೆ ಹಾಗೆ ಸೋಸಿದ ಮೇಲೆ ಓದಿದಾಗ, ಪಕ್ಕದ ಮನೆಯವರು ಅಲ್ಲೊಂದು ಬೇಕರಿ ಇದೆ ಎಂದು ಹೇಳಿದ ಹಾಗೆ ಕೇಳುತ್ತಿತ್ತು.

ನನ್ನ ಗಂಟೆಯನ್ನು ಕಟ್ಟುವುದು ನಿಜವಾದ ಕಲಿಕೆ. ನಮ್ಮಲ್ಲಿ ಒಂದು ಕ್ರಮವಿದೆ: ಗಂಟೆಗೆ ನಾಲ್ಕಾದರೂ ಹೊಸ ರೆಕಾರ್ಡುಗಳ ಕಪಾಟಿನಿಂದ, ಎರಡಾದರೂ ಈ ಊರಿನವರದ್ದು, ಮಿಕ್ಕದ್ದು ಡಿಜೆಯ ಇಷ್ಟ. ನನಗೆ ಮೊದಲ ಕಾರ್ಯಕ್ರಮದಲ್ಲೇ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಒಂದು ಗಂಟೆ ಪೂರ್ತಿ ಹಾಕುವ ಆಸೆ. ಆಗಲಿಲ್ಲ. ನಮ್ಮ ಪ್ರಸಾರ ಇಂಟರ್‌ನೆಟ್ಟಿನಲ್ಲೂ ಹೋಗುವುದರಿಂದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ ಕಟ್ಟುಪಾಡು ಇದೆ: ಮೂರು ಗಂಟೆಯೊಳಗೆ ಒಂದೇ ಆಲ್ಬಮ್ಮಿನಿಂದ ಮೂರಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ, ಒಬ್ಬರೇ ಕಲಾವಿದರದ್ದು ನಾಲ್ಕಕ್ಕಿಂತ ಹೆಚ್ಚು ಕೂಡದು. ನಾನು ಮುಖ ಸಣ್ಣ ಮಾಡಿಕೊಂಡದ್ದು ನೋಡಿ ಗುರುಗಳು ಕೇಳಿದರು, "ಅವರದ್ದು ಅತಿ ಉದ್ದದ್ದು ಎಷ್ಟು ನಿಮಿಷ?" ಇಪ್ಪತ್ತೆರಡು ಅಂದೆ. "ಹಾಗಿದ್ದರೆ ಅದನ್ನು ಪೂರ್ತಿ ಹಾಕು. ಕತ್ತರಿಸಬೇಡ. ಅದರ ಆಚೆ ಈಚೆ ಏನು ಕೂರುತ್ತದೆ ಅಂತ ಹುಡುಕು."

ಮೂರು ಮಧ್ಯಾಹ್ನ ಕಪಾಟುಗಳ ಮುಂದೆ ನೆಲದ ಮೇಲೆ ಕೂತು ಹುಡುಕಿದೆ. ವೀಣೆಯ ಗಮಕ ಮುಗಿದ ಜಾಗದಿಂದ ಮುಂದುವರಿಯಬಲ್ಲದ್ದು ಏನು? ಗಾಜಿನ ನಳಿಕೆಯಿಂದ ತಂತಿಯನ್ನು ಜಾರಿಸಿ ನುಡಿಸುವ ಹಳೆಯ ಬ್ಲೂಸ್ ಗಿಟಾರು ಸಿಕ್ಕಿತು. ಎರಡನ್ನೂ ಒಂದರ ಬಾಲಕ್ಕೆ ಒಂದು ಹಚ್ಚಿ ಕೇಳಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗಿನ ಆ ಕೊರಗು ಎರಡರಲ್ಲೂ ಒಂದೇ. ಅದರ ನಂತರ ಇದೇ ಬಡಾವಣೆಯ ಹುಡುಗಿಯೊಬ್ಬಳು ಹಾರ್ಮೋನಿಯಂ ಥರದ ಪೆಟ್ಟಿಗೆ ಇಟ್ಟುಕೊಂಡು ಮನೆಯಲ್ಲೇ ಮುದ್ರಿಸಿದ್ದ ಹಾಡು. ಹಾಡು ಆರಿಸಿಕೊಡುವ ಯಾವ ಯಂತ್ರವೂ ಈ ಮೂರನ್ನು ಒಂದರ ಪಕ್ಕ ಒಂದು ಇಡುವುದಿಲ್ಲ. ಈ ವೀಣೆ ಕೇಳಿದವರು ಅದನ್ನೂ ಕೇಳಿದ್ದಾರೆ ಅನ್ನುವ ಲೆಕ್ಕವೇ ಎಲ್ಲೂ ಇರುವುದಿಲ್ಲವಲ್ಲ. ಮೂರು ದಿನ ನೆಲದ ಮೇಲೆ ಕೂರುವವರು ಯಾರಾದರೂ ಬೇಕು. ರೇಡಿಯೋ ಕಾರ್ಯಕ್ರಮ ಅಂದರೆ ಇದು ಎಂದು ನನಗೆ ಆಗ ಅರ್ಥವಾಯಿತು, ಈಗಲೂ ನನ್ನ ನಂಬಿಕೆ ಅದೇ.

ಜೂನ್‌ನಲ್ಲಿ ಪರೀಕ್ಷೆ ಪಾಸಾಗಿ ಮಂಗಳವಾರ ರಾತ್ರಿ ಒಂಬತ್ತರಿಂದ ಹತ್ತು ನನ್ನದಾಯಿತು. ಆಗ ಶಿವಮೊಗ್ಗದಲ್ಲಿ ಬುಧವಾರ ಬೆಳಗ್ಗೆ ಒಂಬತ್ತೂವರೆ. ಅಮ್ಮ ತಿಂಡಿ ಮುಗಿಸಿ ಮೊಬೈಲಿನಲ್ಲಿ ಹಚ್ಚಿಕೊಂಡು ಕೂತಿದ್ದರು. ಮೊದಲ ದಿನವೇ ಎಡವಟ್ಟಾಯಿತು. ವೀಣೆ ಮುಗಿಯುತ್ತಾ ಬಂತು, ಗಿಟಾರಿನ ರೆಕಾರ್ಡು ತಟ್ಟೆಯ ಮೇಲೆ ತಿರುಗುತ್ತಿದೆ, ನನ್ನ ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತಿದೆ. ಆದರೆ ಹಾಡನ್ನು ಪ್ರಸಾರಕ್ಕೆ ಬಿಡುವ ಗುಂಡಿ, ಫೇಡರು, ಮೇಲೆತ್ತಿರಲಿಲ್ಲ. ಹೆಡ್‌ಫೋನಿಗೆ ಬರುತ್ತಿದ್ದದ್ದು ಹಾಡನ್ನು ಮೊದಲೇ ಕೇಳಿ ನೋಡಿಕೊಳ್ಳುವ ಸಾಲಿನಿಂದ, ಪ್ರಸಾರದಿಂದಲ್ಲ. ನನಗೆ ಹಾಡು, ಊರಿಗೆ ಮೌನ. ಮೀಟರಿನ ಮುಳ್ಳು ಮಲಗಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಇಪ್ಪತ್ತು ಸೆಕೆಂಡಾದರೂ ಹೋಗಿತ್ತು. ಕೈ ನಡುಗಿತು. ಫೇಡರು ಎತ್ತಿದ್ದೇ ಫೋನು ಹೊಡೆದುಕೊಂಡಿತು.

ವಯಸ್ಸಾದ ಗಂಡಸಿನ ದನಿ. ಬೈಗುಳಕ್ಕೆ ಸಿದ್ಧವಾಗಿದ್ದೆ. ಅವರು ಕೇಳಿದ್ದು, ಆ ತಂತಿವಾದ್ಯ ಯಾವುದು, ನುಡಿಸಿದವರು ಯಾರು ಎಂದು. ಅದು ಮುಗಿದಾಗ ನೀನು ಸುಮ್ಮನಿದ್ದದ್ದು ಒಳ್ಳೆಯದಾಯಿತು, ತಕ್ಷಣ ಇನ್ನೊಂದು ಬಂದಿದ್ದರೆ ನನಗೆ ಕಷ್ಟವಾಗುತ್ತಿತ್ತು ಅಂದರು. ಇಲ್ಲ, ಅದು ನನ್ನ ತಪ್ಪು ಎಂದು ಹೇಳಿದೆ. ದೊರೆಸ್ವಾಮಿ ಅಯ್ಯಂಗಾರ್ ಎಂದು ಅಕ್ಷರ ಅಕ್ಷರವಾಗಿ ಬರೆಸಿದೆ. ಮೈಸೂರು ಎಂದೂ ಬರೆಸಿದೆ. ಅಮ್ಮ ಮಾತ್ರ ಆಮೇಲೆ ಫೋನಿನಲ್ಲಿ, "ನಡುವೆ ಕರೆಂಟ್ ಹೋಗಿತ್ತೇನೇ?" ಅಂದರು.

ಅಕ್ಟೋಬರಿನ ದೇಣಿಗೆ ವಾರದಲ್ಲಿ ಎರಡು ಸಂಜೆ ಫೋನಿನ ಮುಂದೆ ಕೂತೆ. ಐದು ಡಾಲರು, ಹತ್ತು ಡಾಲರು, ಹೆಚ್ಚಾಗಿ ಅಷ್ಟೇ. ರಾತ್ರಿಪಾಳಿಯ ನರ್ಸೊಬ್ಬರು ತಿಂಗಳಿಗೆ ಮೂರು ಡಾಲರು ಕೊಡುತ್ತೇನೆ, ಕಡಿಮೆಯಾಯಿತಾ ಅಂತ ಕೇಳಿದರು. 1981ರಲ್ಲಿ ಕೆಸಿಎಂಯುಗೆ ಬಂದ ಫೋನುಗಳೂ ಇಂಥವೇ ಇದ್ದಿರಬೇಕು.

ಆ ಚಳಿಗಾಲ ಅಮ್ಮ ಕಳಿಸಿದ ಪಾರ್ಸೆಲ್ಲಿನಲ್ಲಿ ಮೆಣಸಿನಪುಡಿ, ಚಟ್ನಿಪುಡಿಯ ಜೊತೆ ಒಂದು ಹಳೆಯ ಕ್ಯಾಸೆಟ್ಟಿತ್ತು. ಹಳ್ಳಿಯ ಭಜನಾ ಮಂಡಳಿಯವರು ಏಕತಾರಿ, ತಾಳ, ದಮ್ಮಡಿ ಹಿಡಿದು ಹಾಡಿದ ಶಿಶುನಾಳ ಶರೀಫರ ತತ್ವಪದಗಳು. ನಿಲಯದ ಕಪಾಟಿಗೆ ಕೊಡೋಣ ಅಂದುಕೊಂಡೆ. ಗುರುಗಳು ಕೇಳಿದರು, "ಇದರಲ್ಲಿ ಏನಂತಾರೆ? ಇಲ್ಲಿ ಈ ಭಾಷೆ ಬರುವುದು ನಿನಗೊಬ್ಬಳಿಗೆ. ಬೈಗುಳ ಇಲ್ಲ ಅಂತ ನೀನು ಬರೆದರೆ ಅದೇ ಕೊನೆ ಮಾತು."

ಬೈಗುಳ ಇಲ್ಲ ಎಂದು ಬರೆಯುವುದು ಸುಲಭ. ಉಳಿದ ಮೂರು ಸಾಲಿಗೆ ಒಂದು ವಾರ ಬೇಕಾಯಿತು. ಸೋರುವ ಮಾಳಿಗೆಯ ಪದಕ್ಕೆ ಏನು ಬರೆಯಲಿ? ಮನೆ ಅಂದರೆ ಮನೆಯಲ್ಲ, ಮೈ. ಸೋರುವುದು ಅಂದರೆ ಮಳೆಯಲ್ಲ, ಅಜ್ಞಾನ. ಅಷ್ಟು ಬಿಡಿಸಿ ಹೇಳಿದರೆ ಪದ ಸತ್ತುಹೋಗುತ್ತದೆ. ಏನೂ ಹೇಳದಿದ್ದರೆ ಬಡವನ ಮನೆ ರಿಪೇರಿಯ ಹಾಡಾಗುತ್ತದೆ. ತರಗತಿಯಲ್ಲಿ ನಲವತ್ತು ನಿಮಿಷ ಹೇಳುತ್ತಿದ್ದದ್ದನ್ನು ಅಂಗೈಯಗಲದ ಚೀಟಿಗೆ ಇಳಿಸಿದೆ: ಬರೆದವರು 19ನೇ ಶತಮಾನದ ಸಂತರು, ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರುವಿನ ಶಿಷ್ಯರಾದವರು. ಸೋರುತ್ತಿರುವುದು ಹಾಡುವವನ ಮನೆ. ಹಾಡುವವನ ಮನೆ ಯಾವುದು ಎಂದು ಕೇಳುವವರೇ ಊಹಿಸಲಿ. ದಮ್ಮಡಿ ನಿಂತ ಮೇಲೂ ಏಕತಾರಿ ಸ್ವಲ್ಪ ಹೊತ್ತು ನುಡಿಯುತ್ತದೆ, ಅದು ಪೂರ್ತಿ ಆರಲು ಬಿಡಿ.

ಫೆಬ್ರವರಿಯ ಒಂದು ಗುರುವಾರ ಸಂಜೆ ತರಕಾರಿ ಹೆಚ್ಚುತ್ತಿದ್ದೆ. ಹೊರಗೆ ಮೂರು ದಿನದಿಂದ ಹಿಡಿದ ಮಳೆ. ನಮ್ಮ ನಿಲಯದಲ್ಲಿ ಪಂಕ್ ಸಂಗೀತ ಹಾಕುವ ಹುಡುಗನ ಪಾಳಿ, ಕನ್ನಡ ಅನ್ನುವ ಪದವನ್ನೂ ಅವನು ನನ್ನಿಂದಲೇ ಮೊದಲು ಕೇಳಿದವನು. ಎರಡು ಅಬ್ಬರದ ಹಾಡಾದ ಮೇಲೆ ಒಂದು ಗಳಿಗೆ ಸುಮ್ಮನಾಗಿ ನನ್ನ ಚೀಟಿಯನ್ನು ಓದತೊಡಗಿದ. ಶಿಶುನಾಳ ಎಂಬಲ್ಲಿ ತಡವರಿಸಿ, ನಿಂತು, ಮತ್ತೆ ಹೇಳಿದ. ಆಮೇಲೆ ದಮ್ಮಡಿ ಬಡಿಯಿತು. ಚಾಕು ಕೆಳಗಿಟ್ಟೆ. ಪದ ಮುಗಿದ ಮೇಲೆ ಏಕತಾರಿಯನ್ನು ಅವನು ಆರಲು ಬಿಟ್ಟ, ಮೈಕು ತೆರೆಯಲಿಲ್ಲ.

ಮುಂದಿನ ಮಂಗಳವಾರ ಹೋಗಿ ಕ್ಯಾಸೆಟ್ಟಿನ ಡಬ್ಬಿ ತೆಗೆದು ನೋಡಿದೆ. ನನ್ನ ಬರಹದ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಸಾಲು ಸೇರಿತ್ತು: ಮಳೆ ಹಿಡಿದ ದಿನ ಹಾಕಿ, ಇದರ ನಂತರ ಏನನ್ನೂ ಅವಸರದಲ್ಲಿ ಹಾಕಬೇಡಿ.